ಬಣ್ಣ ಕಳಚಿದ ಗಿಟಾರ್

ಗಿಟಾರ್ ಎಂದೊಡನೆ ನಮಗೆ ನೆನಪಾಗುವುದು ಪಾಶ್ಚಾತ್ಯರ ಅಬ್ಬರದ ಸಂಗೀತ. ಆದರೆ ಆ ಹೆಸರು ಸ್ಪೇನಿಗೆ ಬಂದದ್ದು ಅರಬಿಯ 'ಕೀತಾರ'ದ ಮೂಲಕ. ವಾದ್ಯಗಳು ಕೈಯಿಂದ ಕೈಗೆ ಸಾಗುತ್ತಾ ರೂಪವನ್ನೂ ಉದ್ದೇಶವನ್ನೂ ಬದಲಿಸಿಕೊಳ್ಳುತ್ತವೆ. ಬೀಟಲ್ಸ್ ತಂಡದ ಜಾನ್ ಲೆನನ್ ಅವರ ಗಿಟಾರ್ ಇದಕ್ಕೊಂದು ಉದಾಹರಣೆ.

1962ರ ಸೆಪ್ಟೆಂಬರಿನಲ್ಲಿ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್ ಲಿವರ್‌ಪೂಲಿನ ಅಂಗಡಿಯೊಂದರಿಂದ ಅಮೆರಿಕದ ಗಿಬ್ಸನ್ ಕಂಪೆನಿಯ 'ಜೆ-160ಇ' ಗಿಟಾರುಗಳನ್ನು ಕೊಂಡರು. ನೋಡಲು ಸಾಧಾರಣ ಮರದ ಗಿಟಾರ್. ಆದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಪಿಕಪ್ ಅದರಲ್ಲೇ ಇತ್ತು. ಆಂಪ್ಲಿಫೈಯರಿಗೆ ಜೋಡಿಸಿದಾಗ ಕೀರಲು ಸದ್ದು ಬಾರದಿರಲೆಂದು ಮೇಲ್ಹಲಗೆಗೆ ಪ್ಲೈವುಡ್ ಬಳಸಿದ್ದರು.

1963ರ ಡಿಸೆಂಬರಿನಲ್ಲಿ, ಲಂಡನ್ನಿನ ಕಾರ್ಯಕ್ರಮಗಳ ನಡುವೆ, ಲೆನನ್ ಅವರ ಗಿಟಾರ್ ಕಾಣೆಯಾಯಿತು. 1964ರಲ್ಲಿ ಅವರು ಅದೇ ಮಾದರಿಯ ಇನ್ನೊಂದನ್ನು ತಂದರು. ಆ ವರ್ಷ 'ಐ ಫೀಲ್ ಫೈನ್' ಹಾಡಿನ ಆರಂಭಕ್ಕೆ ಬಳಸಿದ್ದು ತಯಾರಕರು ತಡೆಯಲು ಹೆಣಗಿದ್ದ ಆ ಕೀರಲು ಸದ್ದನ್ನೇ!

ಈ ಎರಡನೆಯ ಗಿಟಾರ್ ಹಲವು ಬದಲಾವಣೆಗಳನ್ನು ಕಂಡಿತು. ಪಿಕಪ್‌ನ ಜಾಗ ಬದಲಾಯಿತು. 1967ರಲ್ಲಿ ಅದರ ಮೈಗೆ ಕಣ್ಣು ಕುಕ್ಕುವ ಬಣ್ಣ ಬಂತು. ಬಣ್ಣವಿಲ್ಲದ ಮರ ಚೆನ್ನಾಗಿ ನುಡಿಯುತ್ತದೆಂಬ ನಂಬಿಕೆ ಆಗ ತಂಡದಲ್ಲಿತ್ತು. ಮುಂದೆ ಆ ಬಣ್ಣವನ್ನೆಲ್ಲ ಉಜ್ಜಿ ತೆಗೆದು ಬರಿಯ ಮರವನ್ನೇ ಉಳಿಸಲಾಯಿತು. 1969ರಲ್ಲಿ ಲೆನನ್ ಅದರ ಮೇಲೆ ತಮ್ಮ ಮತ್ತು ಪತ್ನಿ ಯೋಕೋ ಓನೋರ ಮುಖಗಳನ್ನು ಗೆರೆಗಳಲ್ಲಿ ಬರೆದರು.

ವಿಯೆಟ್ನಾಮಿನ ಮೇಲೆ ಬಾಂಬು ಸುರಿಯುತ್ತಿದ್ದ ವರ್ಷವದು. 1969ರ ಜೂನ್ 1ರಂದು ಕೆನಡಾದ ಮಾಂಟ್ರಿಯಲ್ ನಗರದ ಹೋಟೆಲ್ ಕೋಣೆಯಲ್ಲಿ, ಹಾಸಿಗೆಯಲ್ಲೇ ಕುಳಿತು ಶಾಂತಿ ಸತ್ಯಾಗ್ರಹ ನಡೆಸುತ್ತಿದ್ದ ದಂಪತಿ 'ಗಿವ್ ಪೀಸ್ ಎ ಚಾನ್ಸ್' ಹಾಡನ್ನು ಧ್ವನಿಮುದ್ರಿಸಿದರು. ಲೆನನ್ ಕೈಯಲ್ಲಿದ್ದುದು ಇದೇ ಗಿಟಾರ್. ನವೆಂಬರ್ 15ರಂದು ವಾಷಿಂಗ್ಟನ್ನಿನಲ್ಲಿ ನೆರೆದ ಲಕ್ಷಾಂತರ ಯುದ್ಧವಿರೋಧಿಗಳು ಆ ಹಾಡಿಗೆ ದನಿಗೂಡಿಸಿದರು.

ಹಾಡಿನಿಂದ ಯುದ್ಧ ನಿಲ್ಲಲಿಲ್ಲ. ಅದು 1975ರವರೆಗೂ ನಡೆಯಿತು. ಶಾಂತಿ ಕೇಳಿದ ಲೆನನ್ 1980ರಲ್ಲಿ ನ್ಯೂಯಾರ್ಕಿನಲ್ಲಿ ಗುಂಡಿಗೆ ಬಲಿಯಾದರು. ಕಳೆದುಹೋಗಿದ್ದ ಮೊದಲ ಗಿಟಾರ್ ದಶಕಗಳ ನಂತರ ಪತ್ತೆಯಾಗಿ, 2015ರ ಹರಾಜಿನಲ್ಲಿ 24 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು.

ಸಂಗೀತದ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ, ಇರಲಿ. ಆದರೆ ಖ್ಯಾತಿಯ ಉತ್ತುಂಗದಲ್ಲಿದ್ದ ಒಬ್ಬ ಕಲಾವಿದ ತನ್ನ ದೇಶದ್ದಲ್ಲದ ಜನರ ಸಾವಿಗೆ ಮರುಗಿ, ತನ್ನಲ್ಲಿದ್ದ ಸಾಧನವನ್ನೇ ಎತ್ತಿಕೊಂಡನಲ್ಲ, ಅದನ್ನು ನಾವು ಗಮನಿಸಬೇಕು. ಇಂದು ಬಾಂಬು ಬೀಳುವಾಗ ನಮ್ಮ ಕಲಾವಿದರು, ಬರಹಗಾರರು ತಮ್ಮ ಸಾಧನಗಳನ್ನು ಯಾವುದಕ್ಕೆ ಬಳಸುತ್ತಿದ್ದಾರೆ?