ರೋವರ್ಸ್ ಕಪ್ ಪಂದ್ಯವೂ ಬೆಂಗಳೂರಿನ ಆಟಗಾರರೂ

ಕಾಲ್ಚೆಂಡಿನ ಆಟದಲ್ಲಿ ಭಾರತೀಯರು ಆಂಗ್ಲರನ್ನು ಗೆದ್ದ ಕಥೆಯೆಂದೊಡನೆ ಎಲ್ಲರೂ 1911ರ ಕಲ್ಕತ್ತೆಯನ್ನು ನೆನೆಯುವರು. ಮೋಹನ ಬಾಗಾನ್ ಸಂಘದವರು ಬಹುಮಟ್ಟಿಗೆ ಬರಿಗಾಲಿನಲ್ಲಿಯೇ ಆಡಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಪಡೆದುದು ಸ್ಮರಣೀಯವೇ ಸರಿ. ಆದರೆ ಬೊಂಬಾಯಿಯ ರೋವರ್ಸ್ ಕಪ್ ಪಾರಿತೋಷಕವನ್ನು ಮೊಟ್ಟಮೊದಲು ಗೆದ್ದ ಭಾರತೀಯರು ಬೆಂಗಳೂರಿನವರೆಂಬುದನ್ನು ಕನ್ನಡನಾಡೇ ಮರೆತಿರುವುದು ವಿಷಾದಕರ.

ಈ ಸ್ಪರ್ಧೆ ಆರಂಭವಾದುದು 1891ರಲ್ಲಿ. ಮೊದಲ ವಿಜಯ ವೂಸ್ಟರ್‌ಷೈರ್ ರೆಜಿಮೆಂಟಿನದು. ಬಹುಕಾಲದವರೆಗೆ ಇಂಗ್ಲೆಂಡು, ಸ್ಕಾಟ್ಲೆಂಡು ಎಂಬ ನೆರೆನಾಡುಗಳ ಸೈನಿಕರು ಪರದೇಶದಲ್ಲಿ ತಮ್ಮತಮ್ಮೊಳಗೆ ಹೂಡಿದ ಪಂದ್ಯದಂತೆಯೇ ಇದು ಇದ್ದಿತು. 1923ರಲ್ಲಿ ಮೋಹನ ಬಾಗಾನಿನವರು ಕಡೆಯ ಪಂದ್ಯದವರೆಗೆ ಬಂದರೂ ಡರ್ಹಾಮ್ ಲೈಟ್ ಇನ್‌ಫೆಂಟ್ರಿಗೆ ಸೋತು ಹಿಂದಿರುಗಿದರು.

ಬೆಂಗಳೂರಿನ ದಂಡುಪ್ರದೇಶವು 1947ರವರೆಗೂ ಬ್ರಿಟಿಷರ ಆಡಳಿತದಲ್ಲಿದ್ದಿತಷ್ಟೆ. ಅಲ್ಲಿಯ ಸೈನಿಕರ ಆಟದ ಬಯಲೇ ಊರ ಹುಡುಗರಿಗೆ ಪಾಠಶಾಲೆಯಾಯಿತು. ಏಕಲವ್ಯನ ವಿದ್ಯೆಯೂ ಇಂತಹುದೇ. ಇಲ್ಲಿ ಹೆಬ್ಬೆರಳನ್ನು ಬೇಡುವವರಿರಲಿಲ್ಲವೆಂಬುದೊಂದೇ ಭೇದ. ಈ ನೆಲದಲ್ಲಿ ಬೆಳೆದ ಬೆಂಗಳೂರು ಮುಸ್ಲಿಮ್ಸ್ ತಂಡವು 1937ರಲ್ಲಿ ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್ ಸಂಘವನ್ನು ಒಂದು ಗೋಲಿನಿಂದ ಸೋಲಿಸಿ ಪಾರಿತೋಷಕವನ್ನು ತಂದಿತು.

ಇಷ್ಟಾದರೂ 1911ರ ಕೀರ್ತಿ ಇದಕ್ಕೇಕೆ ಬರಲಿಲ್ಲ? ಕಡೆಯ ಪಂದ್ಯದಲ್ಲಿ ಬಿಳಿಯರ ತಂಡವೇ ಇರಲಿಲ್ಲವೆಂಬುದು ಒಂದು ಕಾರಣವಿರಬೇಕು. ವಿಚಾರಿಸಿದರೆ ಇದೇ ಹೆಚ್ಚಿನ ಮಾತು: 46 ವರ್ಷಗಳ ಹಿಂದೆ ರೆಜಿಮೆಂಟುಗಳಿಗಾಗಿ ಹುಟ್ಟಿದ ಪಂದ್ಯದ ಕೊನೆಯ ದಿನ ಕಣದಲ್ಲಿದ್ದವರಿಬ್ಬರೂ ಈ ದೇಶದವರು! ಸಂಶಯವುಳ್ಳವರಿಗೆ ಮರುವರ್ಷವೇ ಉತ್ತರ ದೊರೆಯಿತು. 1938ರಲ್ಲಿ ಇದೇ ತಂಡವು ಸ್ಕಾಟ್ಲೆಂಡಿನ ಆರ್ಗೈಲ್ ಮತ್ತು ಸದರ್ಲೆಂಡ್ ಹೈಲ್ಯಾಂಡರ್ಸ್ ಪಡೆಯನ್ನು ಮೂರಕ್ಕೆ ಎರಡು ಗೋಲುಗಳಿಂದ ಗೆದ್ದಿತು. ಷಿಮ್ಲೆಯಲ್ಲಿ ಹುಟ್ಟಿದ ಡ್ಯೂರಾಂಡ್ ಕಪ್ ಭಾರತೀಯರ ಕೈಸೇರಿದುದು 1940ರಲ್ಲಿ. ಬೆಂಗಳೂರಿನವರು ಅದಕ್ಕೂ ಮುಂದಿನವರು.

ತಂಡದ ಹೆಸರು ಮತಸೂಚಕವಾಗಿದ್ದುದೂ ವಿಸ್ಮೃತಿಗೆ ಕಾರಣವಾಗಿದ್ದರೆ ಅದು ನ್ಯಾಯವಲ್ಲ. ಆಗಿನ ಬೊಂಬಾಯಿಯ ಕ್ರಿಕೆಟ್ಟೂ ಹಿಂದೂ, ಪಾರ್ಸಿ, ಮುಸಲ್ಮಾನರೆಂಬ ಹೆಸರುಗಳಲ್ಲಿಯೇ ನಡೆಯುತ್ತಿದ್ದಿತು. ಗೆಲವು ಬಂದುದು ಊರಿಗೆ.

1948ರಲ್ಲಿ, ಸ್ವಾತಂತ್ರ್ಯಾನಂತರ, ಬೆಂಗಳೂರಿನವರು ಮೋಹನ ಬಾಗಾನಿನವರನ್ನೇ ಸೋಲಿಸಿ ಮೂರನೆಯ ಸಲ ಗೆದ್ದರು. ತರುವಾಯ ಹೈದರಾಬಾದಿನ ಪೋಲೀಸರು 1950ರಿಂದ ಐದು ವರ್ಷ ಎಡೆಬಿಡದೆ ಗೆದ್ದರು. ಮುಂದೆ ರಾಷ್ಟ್ರೀಯ ಲೀಗು 1996ರಲ್ಲಿ ಬಂದ ಮೇಲೆ ಹಳೆಯ ಪಂದ್ಯಗಳಿಗೆ ಎಡೆ ಕಿರಿದಾಯಿತು. 2000-01ರ ಬಳಿಕ ರೋವರ್ಸ್ ಕಪ್ ನಡೆದಿಲ್ಲ. ಕೊನೆಯ ಸಲ ಅದನ್ನು ಪಡೆದವರು, 1923ರಲ್ಲಿ ಬರಿಗೈಯಲ್ಲಿ ಹಿಂದಿರುಗಿದ್ದ ಆ ಮೋಹನ ಬಾಗಾನಿನವರೇ.