ಗಾಲಿತ ಜಲ ಮತ್ತು ಬಾವಿಯ ಋಣ

ಶ್ರಾವಕನು ನೀರನ್ನು ಸೋಸದೆ ಕುಡಿಯಬಾರದೆಂಬ ನಿಯಮವು ಸರ್ವವಿದಿತವಾಗಿದೆ. ಆದರೆ ಸೋಸಿದ ಬಳಿಕ ಬಟ್ಟೆಯ ಮೇಲೆ ಉಳಿದುದನ್ನು ಏನು ಮಾಡಬೇಕೆಂಬ ನಿಯಮವು ಇಂದು ನಮ್ಮಲ್ಲಿ ಹಲವರಿಗೆ ಮರೆತುಹೋಗಿದೆ. ಹುಮನಾಬಾದ ತಾಲೂಕಿನ ಹುಡಗಿಯಲ್ಲಿ, ನಮ್ಮ ಹಿತ್ತಲ ಬಾವಿಯ ಕಟ್ಟೆಯ ಮೇಲೆ, ನನ್ನ ಅಜ್ಜಿಯವರು ಸೋಸುಬಟ್ಟೆಯನ್ನು ಮಗುಚಿ, ಅದರ ಮೇಲೆ ಸೋಸಿದ ನೀರನ್ನೇ ಹನಿಸಿ, ಆ ತೊಳೆದ ನೀರನ್ನು ಪುಟ್ಟ ಕೊಡದಲ್ಲಿ ಬಾವಿಗೆ ಇಳಿಬಿಡುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಮೇಲಿನಿಂದ ಸುರಿದರೆ ಸೂಕ್ಷ್ಮಜೀವಿಗಳಿಗೆ ಆಘಾತವಾಗುವುದೆಂದು, ಕೊಡವು ನೀರನ್ನು ಮುಟ್ಟಿದ ಮೇಲೆಯೇ ಅದನ್ನು ಮಗುಚುತ್ತಿದ್ದರು. ಇದಕ್ಕೆ ಜೀವಾಣಿ ಎಂದು ಹೆಸರು. ಇಂದು ಆ ಬಾವಿಯಲ್ಲಿ ನೀರಿಲ್ಲ. ಅದು ಬತ್ತಿದ ಬಗೆಯನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಮೊದಲು ನೆಲದ ವಿಷಯ. ಬೀದರ ಮತ್ತು ಹುಮನಾಬಾದ ಭಾಗದ ಎತ್ತರದ ಪ್ರದೇಶಗಳಲ್ಲಿ ಮೇಲೆ ಜಂಬಿಟ್ಟಿಗೆ ಕಲ್ಲಿನ ಹೊದಿಕೆಯೂ ಅದರ ಕೆಳಗೆ ದಖ್ಖನಿನ ಕಪ್ಪು ಶಿಲೆಯೂ ಇವೆ. ಜಂಬಿಟ್ಟಿಗೆಯು ರಂಧ್ರಮಯವಾದುದರಿಂದ ಮಳೆಯ ನೀರನ್ನು ಹೀರಿಕೊಳ್ಳುತ್ತದೆ. ಅದರಡಿಯ ಜೇಡಿಯೂ ಶಿಲೆಯೂ ಆ ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಆದುದರಿಂದ ಇವೆರಡರ ಸಂಧಿಯಲ್ಲಿ ನೀರು ಸಂಗ್ರಹವಾಗಿ, ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಬೀದರದ ಪ್ರಸಿದ್ಧ ಗುರುನಾನಕ ಝೀರಾ ಇಂತಹ ಬುಗ್ಗೆಯೇ ಆಗಿದೆ. 15ನೆಯ ಶತಮಾನದಲ್ಲಿ ಬೀದರವನ್ನು ರಾಜಧಾನಿಯಾಗಿ ಮಾಡಿಕೊಂಡ ಬಹಮನಿ ಅರಸರು ಈ ಮರ್ಮವನ್ನು ಬಲ್ಲವರನ್ನು ಬಳಸಿಕೊಂಡು, ಪರ್ಷಿಯಾದ ಮಾದರಿಯಲ್ಲಿ ನೆಲದೊಳಗೆ ಸುರಂಗಗಳನ್ನು ಕೊರೆಸಿದರು. ಕರೇಜ್ ಎನ್ನಲಾಗುವ ಈ ಸುರಂಗದಲ್ಲಿ ಒಂದು ತಾಯಿಬಾವಿ, ಅಲ್ಲಿಂದ ತುಸು ಇಳಿಜಾರಾಗಿ ಸಾಗುವ ಕಾಲುವೆ, ನಡುನಡುವೆ ಗಾಳಿ ಬೆಳಕಿಗಾಗಿಯೂ ಹೂಳೆತ್ತುವುದಕ್ಕಾಗಿಯೂ ಬಾವಿಯಂತಹ ಕಿಂಡಿಗಳು ಇರುತ್ತವೆ. ಅದು ನೀರನ್ನು ಬಲವಂತದಿಂದ ಎಳೆಯುವುದಿಲ್ಲ; ನೆಲವು ತಾನಾಗಿ ಬಿಟ್ಟುಕೊಟ್ಟಷ್ಟನ್ನೇ ಪಡೆಯುತ್ತದೆ. ನೌಬಾದಿನ ಕರೇಜು ಕಾಲಾಂತರದಲ್ಲಿ ಹೂಳಿನಿಂದ ಮುಚ್ಚಿಹೋಗಿ, ಕಳೆದ ದಶಕದಲ್ಲಿ ಶುಚಿಗೊಳಿಸಲ್ಪಟ್ಟಾಗ ಮತ್ತೆ ಜನರ ಗಮನಕ್ಕೆ ಬಂದಿತು.

ಇನ್ನು ಆಚಾರದ ವಿಷಯ. 13ನೆಯ ಶತಮಾನದಲ್ಲಿ ಮಾಳವದಲ್ಲಿದ್ದ ಗೃಹಸ್ಥವಿದ್ವಾಂಸ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಜಲಗಾಲನ ವ್ರತದ ದೋಷಗಳನ್ನು ಹೇಳಿದ್ದಾರೆ. ಸೋಸಿದ ನೀರನ್ನು ಎರಡು ಮುಹೂರ್ತ, ಅಂದರೆ 96 ನಿಮಿಷಗಳ ಬಳಿಕ ಮತ್ತೆ ಸೋಸದಿರುವುದು ಒಂದು ದೋಷ. ಯೋಗ್ಯವಲ್ಲದ ಬಟ್ಟೆಯಲ್ಲಿ ಸೋಸುವುದು ಇನ್ನೊಂದು. ಸೋಸಿ ಉಳಿದುದನ್ನು ಬೇರೆ ಜಲಾಶಯಕ್ಕೆ ಬಿಡುವುದು ಮತ್ತೊಂದು. ಈ ಕಡೆಯ ಮಾತು ಗಮನಾರ್ಹವಾದುದು. ಎಲ್ಲಿಂದ ತಂದೆವೋ ಅಲ್ಲಿಗೇ ಮರಳಿಸಬೇಕು. ನೀರಿನ ಮೂಲದೊಡನೆ ಶ್ರಾವಕನ ಸಂಬಂಧವು ಕೊಡ ತುಂಬಿದೊಡನೆ ಮುಗಿಯುವುದಿಲ್ಲವೆಂದು ಇದರ ತಾತ್ಪರ್ಯ.

ಈ ಆಚಾರದ ಲೌಕಿಕ ಪ್ರಯೋಜನವೂ ನಮ್ಮ ಕಾಲದಲ್ಲೇ ಪ್ರಕಟವಾಯಿತು. ನಾರುಹುಣ್ಣು ಒಂದು ಕಾಲಕ್ಕೆ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳನ್ನು ಕಾಡಿದ ರೋಗ. ರೋಗಿಯು ಮೆಟ್ಟಿಲುಬಾವಿಯಲ್ಲಿ ಕಾಲಿಟ್ಟಾಗ ಹುಣ್ಣಿನಿಂದ ಹೊರಬಿದ್ದ ಮರಿಗಳನ್ನು ಸೈಕ್ಲಾಪ್ಸ್ ಎಂಬ ಸಣ್ಣ ಜಲಜಂತುವು ನುಂಗುತ್ತದೆ. ಆ ನೀರನ್ನು ಸೋಸದೆ ಕುಡಿದವನಿಗೆ ರೋಗ ತಗಲುತ್ತದೆ. 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮದಲ್ಲಿ ಬಟ್ಟೆಯಿಂದ ಸೋಸುವುದು ಒಂದು ಮುಖ್ಯ ಉಪಾಯವಾಗಿತ್ತು. ಮೆಟ್ಟಿಲುಬಾವಿಗಳನ್ನು ಕಟ್ಟೆಯುಳ್ಳ ಸೇದುಬಾವಿಗಳಾಗಿ ಮಾರ್ಪಡಿಸಿದುದು ಇನ್ನೊಂದು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡುಬಂದಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ರೋಗಮುಕ್ತವೆಂದು ಘೋಷಿಸಿತು. ಹಾಗೆಯೇ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ಸೋಸಿದುದರಿಂದ ಕಾಲರಾ 48 ಪ್ರತಿಶತ ಇಳಿಯಿತೆಂದು 2003ರಲ್ಲಿ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಪ್ರಕಟಿಸಿದರು.

ಆದರೂ ನಾವು ಹೆಮ್ಮೆಪಟ್ಟು ಸುಮ್ಮನಾಗುವಂತಿಲ್ಲ. ಬಟ್ಟೆಯು ಜಂತುವನ್ನು ತಡೆಯಬಲ್ಲದು. ನೀರಿನಲ್ಲಿ ಕರಗಿದ ನೈಟ್ರೇಟನ್ನಾಗಲಿ ರಾಸಾಯನಿಕವನ್ನಾಗಲಿ ತಡೆಯಲಾರದು. ನೀರನ್ನು ಹೀರುವ ಜಂಬಿಟ್ಟಿಗೆಯು ಶೌಚಗುಂಡಿಯ, ತಿಪ್ಪೆಯ, ಗೊಬ್ಬರದ ಕೊಳೆಯನ್ನೂ ಹೀರುತ್ತದೆ. ಬಾವಿಯ ಶುಚಿತ್ವವು ಕಟ್ಟೆಯಿಂದಲ್ಲ, ಸುತ್ತಲಿನ ನೆಲದಿಂದ ಪ್ರಾರಂಭವಾಗುತ್ತದೆ.

1972ರ ಭೀಕರ ಬರಗಾಲದ ನಂತರ ಕೊಳವೆಬಾವಿಗಳ ಯುಗ ಬಂದಿತು. ನಮ್ಮ ನೆರೆಯ ಸೊಲ್ಲಾಪುರದಲ್ಲಿ ರೂಪುಗೊಂಡ ಕೈಪಂಪನ್ನು ಆಧರಿಸಿಯೇ ದೇಶವಿದೇಶಗಳಲ್ಲಿ ಬಳಕೆಯಾದ ಇಂಡಿಯಾ ಮಾರ್ಕ್-2 ಕೈಪಂಪು ಸಿದ್ಧವಾಯಿತು. ಅದರಿಂದ ಅಸಂಖ್ಯ ಬಡವರಿಗೆ ಶುದ್ಧ ನೀರು ದೊರೆತುದನ್ನು ಅಲ್ಲಗಳೆಯಲಾಗದು. ಕೈಪಂಪಿನ ಸ್ಥಾನವನ್ನು ವಿದ್ಯುತ್ ಪಂಪು ಆಕ್ರಮಿಸಿದಾಗ ಮಾತ್ರ ಲೆಕ್ಕ ತಪ್ಪಿತು. 1990ರ ದಶಕದಲ್ಲಿ ನಾನೂ ನನ್ನ ಹಿತ್ತಲಲ್ಲಿ ಕೊಳವೆಬಾವಿ ಕೊರೆಸಿದೆನು. ಸೇದುವ ಶ್ರಮ ತಪ್ಪಿತೆಂದು ಮನೆಯವರೆಲ್ಲ ಸಂತೋಷಪಟ್ಟರು. ಕೆಲವೇ ಬೇಸಿಗೆಗಳಲ್ಲಿ ನಮ್ಮ ಬಾವಿಯೂ, ಅನಂತರ ನೆರೆಮನೆಯ ಬಾವಿಯೂ ಬತ್ತಿದವು. ನನ್ನದೊಂದೇ ಕಾರಣವಲ್ಲವೆಂದು ನಾನು ಬಹುಕಾಲ ಸಮಾಧಾನ ಮಾಡಿಕೊಂಡೆನು. ವಾಣಿಜ್ಯ ಪದವೀಧರನಾದ ನಾನು ಪ್ರತಿವರ್ಷ ಅಂಗಡಿಯ ಬಂಡವಾಳವನ್ನೂ ಲಾಭವನ್ನೂ ಬೇರೆಬೇರೆಯಾಗಿ ಬರೆದಿಟ್ಟವನು. ನೀರಿನಲ್ಲಿ ಮಾತ್ರ ಬಂಡವಾಳವನ್ನೇ ಉಂಡೆನು.

ಈ ತಪ್ಪು ನನಗೆ ಮನದಟ್ಟಾದುದು ಒಮ್ಮೆ ಮುನಿಸಂಘವು ವಿಹಾರಮಾರ್ಗದಲ್ಲಿ ನಮ್ಮಲ್ಲಿಗೆ ಬಂದಾಗ. ಮುನಿಗಳ ಆಹಾರಕ್ಕೆ ಬಾವಿಯ ನೀರೇ ಬೇಕು. ಕೊಳವೆಬಾವಿಗೆ ಜೀವಾಣಿಯನ್ನು ಮರಳಿಸುವ ಮಾರ್ಗವಿಲ್ಲ. ಅಂದು ಊರಾಚೆಯ ರೈತರೊಬ್ಬರ ಹೊಲದ ಬಾವಿಯಿಂದ ನೀರು ತರಬೇಕಾಯಿತು. ಜೈನರಲ್ಲದ ಆ ರೈತರು ತಮ್ಮ ಬಾವಿಯನ್ನು ಉಳಿಸಿಕೊಂಡಿದ್ದರು. ಜೀವಾಣಿಯ ನಿಯಮವನ್ನು ಬಲ್ಲ ನಾನು ಉಳಿಸಿಕೊಂಡಿರಲಿಲ್ಲ.

ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನಿಗೆ ವರ್ಜ್ಯವಾದ 15 ವೃತ್ತಿಗಳನ್ನು ಎಣಿಸುತ್ತದೆ. ಅವುಗಳಲ್ಲಿ ನೆಲವನ್ನು ಅಗೆದು ಒಡೆಯುವ ಸ್ಫೋಟಜೀವಿಕೆಯೂ, ಕೆರೆಕೊಳಗಳನ್ನು ಬತ್ತಿಸುವ ಸರಃಶೋಷವೂ ಸೇರಿವೆ. ನಾವು ಅದನ್ನು ವೃತ್ತಿಯಾಗಿ ಮಾಡುತ್ತಿಲ್ಲ, ನಿಜ. ಆದರೆ ಕಣ್ಣಿಗೆ ಕಾಣುವ ಕೆರೆಯನ್ನು ಬತ್ತಿಸುವುದು ಪಾಪವಾದರೆ, ಕಾಣದ ಅಂತರ್ಜಲವನ್ನು ಬತ್ತಿಸುವುದು ಪುಣ್ಯವಾದೀತೆ? ರಾಜ್ಯದ ಶಾಸನವೂ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. 1999ರ ಕಾಯಿದೆಯಂತೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. ಕಾಯಿದೆಗೆ ಕಾವಲುಗಾರ ಬೇಕು. ವ್ರತಕ್ಕೆ ಮನಸ್ಸೇ ಕಾವಲು.

ಆದುದರಿಂದ ಶ್ರಾವಕಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಹಳೆಯ ಬಾವಿಗಳನ್ನು ಕಸದ ಗುಂಡಿಗಳಾಗಿಸದೆ ಹೂಳೆತ್ತಿಸೋಣ. ಶೌಚಗುಂಡಿಯನ್ನೂ ತಿಪ್ಪೆಯನ್ನೂ ಬಾವಿಯಿಂದ ದೂರವಿರಿಸೋಣ. ಮಾಳಿಗೆಯ ಮಳೆನೀರನ್ನು ಮರಳು ಜಲ್ಲಿಗಳಲ್ಲಿ ಸೋಸಿ ನೆಲಕ್ಕೆ ಇಂಗಿಸೋಣ. ನಾನು ಕಳೆದೆರಡು ಮಳೆಗಾಲಗಳಿಂದ ಇದನ್ನು ಮಾಡುತ್ತಿದ್ದೇನೆ. ಬಾವಿಯಲ್ಲಿ ಇನ್ನೂ ನೀರು ನಿಂತಿಲ್ಲ. ತಳದ ಮಣ್ಣು ಮಾತ್ರ ಕಾರ್ತಿಕದವರೆಗೆ ತೇವವಾಗಿರುತ್ತದೆ. ಅಜ್ಜಿಯವರು ಒಂದು ಪುಟ್ಟ ಕೊಡದಿಂದ ದಿನವೂ ತೀರಿಸುತ್ತಿದ್ದ ಋಣವನ್ನು ನಾನು ಮುಪ್ಪಿನಲ್ಲಿ ತೀರಿಸತೊಡಗಿದ್ದೇನೆ.