ಹತ್ತಿ ಹೊಲಕ್ಕೆ ಹೋದ ಶಾಲೆ

ಬುಖಾರಾ ಎಂಬ ಹೆಸರು ಮದ್ರಸದ ದಿನಗಳಿಂದಲೂ ನಮಗೆ ಪರಿಚಿತ. ಕ್ರಿ.ಶ. 810ರಲ್ಲಿ ಅಲ್ಲಿ ಜನಿಸಿ, 870ರಲ್ಲಿ ಸಮರ್ಖಂದದ ಸಮೀಪ ನಿಧನರಾದ ಇಮಾಮ್ ಬುಖಾರಿಯವರ(ರ) ಹದೀಸ್ ಸಂಗ್ರಹವನ್ನು ಓದದೆ ನಮ್ಮಲ್ಲಿ ಯಾರ ಕಲಿಕೆಯೂ ಪೂರ್ಣವಾಗುವುದಿಲ್ಲ. ಆಳಿನಿಂದ ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಪುನರುತ್ಥಾನ ದಿನದಂದು ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂಬ ಹದೀಸ್ ಆ ಸಂಗ್ರಹದಲ್ಲಿದೆ. ಅದೇ ಇಮಾಮರ ನೆಲದಲ್ಲಿ, ಅಂದರೆ ಇಂದಿನ ಉಜ್ಬೇಕಿಸ್ತಾನದಲ್ಲಿ, ನಮ್ಮ ಕಾಲದವರೆಗೂ ಲಕ್ಷಾಂತರ ಜನರಿಂದ ಬಲವಂತವಾಗಿ ಹತ್ತಿ ಬಿಡಿಸಲಾಗುತ್ತಿತ್ತು. ಅವರಲ್ಲಿ ಮಕ್ಕಳಿದ್ದರು, ಮಕ್ಕಳಿಗೆ ಪಾಠ ಹೇಳುವವರೂ ಇದ್ದರು. ನಾವೂ ಪಾಠ ಹೇಳುವವರಾದ್ದರಿಂದ ಇದನ್ನು ದೂರದ ದೇಶದ ಸಂಗತಿಯೆಂದು ಓದಿ ಬದಿಗಿಡಲು ನಮ್ಮಿಂದಾಗಲಿಲ್ಲ.

ಹತ್ತಿ ಆ ನಾಡಿಗೆ ಹೊಸದಲ್ಲ. ಅದು ನಾಡನ್ನೇ ಆವರಿಸುವ ಬೆಳೆಯಾದದ್ದು ಮಾತ್ರ ಪರರ ಅಗತ್ಯದಿಂದ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಿಂದಾಗಿ ಹತ್ತಿ ದುರ್ಲಭವಾದಾಗ ರಷ್ಯಾದ ಗಿರಣಿಗಳು ಮಧ್ಯ ಏಷ್ಯಾದತ್ತ ದೃಷ್ಟಿ ಹರಿಸಿದವು (ನಮ್ಮ ಧಾರವಾಡದ ಹತ್ತಿಯ ಬೆಲೆ ಏರಿದ್ದೂ ಆಗಲೇ). 1865ರಲ್ಲಿ ತಾಷ್ಕೆಂಟ್ ರಷ್ಯಾದ ವಶವಾಯಿತು. ಮುಂದೆ ಸೋವಿಯತ್ ಆಡಳಿತವು ಹತ್ತಿಯನ್ನು ‘ಬಿಳಿ ಚಿನ್ನ’ವೆಂದು ಹೊಗಳಿ, ಅಮು ದರಿಯಾ ಮತ್ತು ಸಿರ್ ದರಿಯಾ ನದಿಗಳನ್ನು ಹೊಲಗಳಿಗೆ ತಿರುಗಿಸಿತು, ಅರಾಲ್ ಸಮುದ್ರ ಬತ್ತಿತು. 1991ರಲ್ಲಿ ಸ್ವಾತಂತ್ರ್ಯ ಬಂದರೂ ಹತ್ತಿಯ ಕಟ್ಟಳೆ ಬದಲಾಗಲಿಲ್ಲ.

ಆ ಕಟ್ಟಳೆ ಹೀಗಿತ್ತು. ನೆಲ ಸರಕಾರದ್ದು, ರೈತನು ಗೇಣಿದಾರ. ಎಷ್ಟು ಹತ್ತಿ ಬರಬೇಕೆಂದು ಗೊತ್ತುಪಡಿಸುವುದೂ ಬೆಲೆ ಕಟ್ಟುವುದೂ ಸರಕಾರವೇ. ಪ್ರಾಂತದ ಅಧಿಕಾರಿಯನ್ನು ಅಲ್ಲಿ ‘ಹಾಕಿಮ್’ ಎನ್ನುತ್ತಾರೆ. ಗುರಿ ತಪ್ಪಿದರೆ ಅವನ ಪದವಿಗೆ ಸಂಚಕಾರ. ಆದ್ದರಿಂದ ಆತ ಆ ಭಾರವನ್ನು ಶಾಲೆ, ಕಾಲೇಜು, ಆಸ್ಪತ್ರೆಗಳ ಮುಖ್ಯಸ್ಥರ ಹೆಗಲಿಗೆ ದಾಟಿಸುತ್ತಿದ್ದ. ಸೆಪ್ಟೆಂಬರ್ ಬಂತೆಂದರೆ ತರಗತಿಗಳು ಬರಿದಾಗುತ್ತಿದ್ದವು. ದಿನಕ್ಕೆ ಇಂತಿಷ್ಟು ಕಿಲೋ ಬಿಡಿಸಲೇಬೇಕು. ಕೊರತೆ ಬಿದ್ದರೆ ಕೈಯಿಂದ ಹಣ ತೆರಬೇಕು, ಬರಲಾಗದವರು ತಮ್ಮ ಬದಲಿಗೆ ಕೂಲಿಯವರನ್ನು ಕಳಿಸಬೇಕು, ನಿರಾಕರಿಸಿದವರಿಗೆ ಕೆಲಸ ಕಳೆದುಕೊಳ್ಳುವ ಭಯ. ಇದನ್ನು ‘ಹಶರ್’ ಎಂದು ಕರೆಯುವವರಿದ್ದರು. ಊರವರೆಲ್ಲ ಕೂಡಿ ಒಬ್ಬರ ಮನೆ ಕಟ್ಟಿಕೊಡುವ, ಕಾಲುವೆ ತೋಡುವ ಹಳೆಯ ಸತ್ಸಂಪ್ರದಾಯದ ಹೆಸರದು. ಜುಲುಮಿಗೆ ಸೇವೆಯ ಹೆಸರು ತೊಡಿಸಿದಾಗ ಬೇಡವೆನ್ನುವವನೇ ಸ್ವಾರ್ಥಿಯಾಗಿ ಕಾಣುತ್ತಾನೆ.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡಿದ್ದು ಅಲ್ಲಿನ ಅಧ್ಯಾಪಕರ ಸ್ಥಿತಿ. ಅವರು ತಾವೂ ಹತ್ತಿ ಬಿಡಿಸಬೇಕಿತ್ತು, ವಿದ್ಯಾರ್ಥಿಗಳು ಬಿಡಿಸುವಂತೆ ಕಾವಲೂ ಕಾಯಬೇಕಿತ್ತು. ಪಾಠದ ಲೆಕ್ಕ ಹಿಡಿಯಬೇಕಾದ ಕೈಯಲ್ಲಿ ತೂಕದ ಲೆಕ್ಕ! ಪೀಡೆಗೊಳಗಾದವನನ್ನೇ ಪೀಡಕನ ಕೈಯಾಗಿ ಮಾಡಿಕೊಳ್ಳುವ ಏರ್ಪಾಡು ಕೇವಲ ಬಡತನದಿಂದ ಹುಟ್ಟುವಂಥದ್ದಲ್ಲ.

ಕಾನೂನಿಗೆ ಕೊರತೆಯಿರಲಿಲ್ಲ. ಬಾಲಕಾರ್ಮಿಕತನದ ವಿರುದ್ಧದ ಎರಡು ಅಂತಾರಾಷ್ಟ್ರೀಯ ಒಡಂಬಡಿಕೆಗಳಿಗೆ ಆ ಸರಕಾರ 2008 ಮತ್ತು 2009ರಲ್ಲಿ ಒಪ್ಪಿಗೆಯಿತ್ತಿತ್ತು. ಆದರೆ ದುಡಿಸುವವನೂ ನ್ಯಾಯ ಕೊಡಬೇಕಾದವನೂ ಒಬ್ಬನೇ ಆದಾಗ ದೂರು ಯಾರಿಗೆ? ಉಳಿದದ್ದು ಸಾಕ್ಷಿಯೊಂದೇ. ಎಲೆನಾ ಉರ್ಲಾಯೆವಾ ಎಂಬ ಮಹಿಳೆ ಹೊಲಗಳಿಗೆ ಹೋಗಿ ಕಂಡದ್ದನ್ನು ದಾಖಲಿಸಿದರು. ಅವರನ್ನು ಮತ್ತೆ ಮತ್ತೆ ಬಂಧಿಸಲಾಯಿತು, ಮಾನಸಿಕ ಚಿಕಿತ್ಸಾಲಯಕ್ಕೂ ಬಲವಂತದಿಂದ ಸೇರಿಸಲಾಯಿತು. ದೇಶ ಬಿಡಬೇಕಾಗಿ ಬಂದ ಉಮಿದಾ ನಿಯಾಜೋವಾ ಜರ್ಮನಿಯಲ್ಲಿದ್ದುಕೊಂಡು ಇಂತಹ ವರದಿಗಳನ್ನು ಜಗತ್ತಿನ ಮುಂದಿಟ್ಟರು. 2007ರಿಂದ ‘ಕಾಟನ್ ಕ್ಯಾಂಪೇನ್’ ಎಂಬ ಒಕ್ಕೂಟ ಹೊರಗಿನಿಂದ ಒತ್ತಡ ತಂದಿತು. ಉಜ್ಬೇಕ್ ಹತ್ತಿಯನ್ನು ತಿಳಿದೂ ಬಳಸುವುದಿಲ್ಲವೆಂದು 300ಕ್ಕೂ ಹೆಚ್ಚು ಕಂಪೆನಿಗಳು ವಾಗ್ದಾನ ಮಾಡಿದವು.

ಬಹಿಷ್ಕಾರದಿಂದ ಬಡ ರೈತನಿಗೇ ಪೆಟ್ಟೆಂಬ ಆಕ್ಷೇಪ ಆಗ ಕೇಳಿಬಂತು. ಅದು ತಳ್ಳಿಹಾಕುವ ಮಾತಲ್ಲ. ಆದರೆ ಹತ್ತಿಯ ಲಾಭ ರೈತನ ಕೈ ಸೇರುತ್ತಲೇ ಇರಲಿಲ್ಲವಾದ್ದರಿಂದ, ಈ ಸಂದರ್ಭದಲ್ಲಿ ಬಹಿಷ್ಕಾರವೇ ಸರಿಯೆಂದು ನಮ್ಮ ಅಭಿಪ್ರಾಯ.

2012ರ ಹೊತ್ತಿಗೆ ಚಿಕ್ಕ ಮಕ್ಕಳನ್ನು ಹೊಲದಿಂದ ಹಿಂದೆಗೆಯಲಾಯಿತು. ಅವರ ಪಾಲಿನ ಹತ್ತಿ ಅಧ್ಯಾಪಕರ, ದಾದಿಯರ ಮೇಲೆ ಬಿತ್ತು. 2013ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವೀಕ್ಷಕರಿಗೆ ಪ್ರವೇಶ ದೊರೆಯಿತು. 2016ರಲ್ಲಿ ಅಧ್ಯಕ್ಷ ಇಸ್ಲಾಂ ಕರೀಮೋವ್ ನಿಧನರಾದ ಬಳಿಕ ಶವ್ಕತ್ ಮಿರ್ಜಿಯೋಯೆವ್ ಅಧಿಕಾರಕ್ಕೆ ಬಂದರು. 2003ರಿಂದಲೂ ಪ್ರಧಾನಿಯಾಗಿ ಇದೇ ಏರ್ಪಾಡನ್ನು ನಡೆಸಿದವರು ಅವರೇ ಎಂಬುದನ್ನು ಮರೆಯಲಾಗದು. ಆದರೂ 2017ರ ಸೆಪ್ಟೆಂಬರಿನಲ್ಲಿ, ಕೊಯ್ಲಿನ ನಡುವೆಯೇ, ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ವೈದ್ಯಕೀಯ ಸಿಬ್ಬಂದಿಯನ್ನೂ ಹೊಲಗಳಿಂದ ಹಿಂದಕ್ಕೆ ಕರೆಸಿದ್ದು ಅವರ ಸರಕಾರವೇ. ಬಿಡಿಸುವವರ ಕೂಲಿ ಏರಿತು. 2020ರಲ್ಲಿ ಹತ್ತಿಯ ಸರಕಾರಿ ಗುರಿಯೇ ರದ್ದಾಯಿತು. 2021ರ ಕೊಯ್ಲಿನಲ್ಲಿ ವ್ಯವಸ್ಥಿತ ಬಲವಂತದ ದುಡಿಮೆಯಾಗಲಿ ಬಾಲಕಾರ್ಮಿಕತನವಾಗಲಿ ಇರಲಿಲ್ಲವೆಂದು ಕಾರ್ಮಿಕ ಸಂಸ್ಥೆ 2022ರ ಮಾರ್ಚ್‌ನಲ್ಲಿ ಸಾರಿತು; ಸುಮಾರು 20 ಲಕ್ಷ ಮಕ್ಕಳೂ 5 ಲಕ್ಷ ವಯಸ್ಕರೂ ಬಿಡುಗಡೆ ಹೊಂದಿದರೆಂಬುದು ಅದರ ಅಂದಾಜು. ಅದೇ ತಿಂಗಳು ಒಕ್ಕೂಟವೂ ಬಹಿಷ್ಕಾರದ ಕರೆಯನ್ನು ಹಿಂತೆಗೆದುಕೊಂಡಿತು.

ಅಮು ದರಿಯಾದ ಆಚೆಯ ತುರ್ಕ್‌ಮೇನಿಸ್ತಾನದಲ್ಲಿ ಇಂತಹ ಬಿಡುಗಡೆ ಬಂದಿಲ್ಲ. ಅಲ್ಲಿ ಹತ್ತಿ ಹೊಲದ ಬಲವಂತವನ್ನು ವರದಿ ಮಾಡಿದ ಗಾಸ್ಪರ್ ಮತಲಾಯೆವ್ 2016ರ ಅಕ್ಟೋಬರಿನಲ್ಲಿ ಬಂಧಿತರಾಗಿ, ಮೂರು ವರ್ಷ ಸೆರೆಮನೆಯಲ್ಲಿ ಕಳೆದು 2019ರ ಸೆಪ್ಟೆಂಬರಿನಲ್ಲಿ ಹೊರಬಂದರು. ಅದು ಅಲ್ಲಿ ಮತ್ತೊಂದು ಹತ್ತಿ ಕೊಯ್ಲಿನ ಕಾಲವಾಗಿತ್ತು.